ಅಜ್ಜಿ ಎಳೆದ ಸುಣ್ಣದ ಗೆರೆ

ಹೂಂಗುಟ್ಟದಿದ್ದರೆ ನಮ್ಮಜ್ಜಿ ತಿಮ್ಮವ್ವ ಕಥೆ ಮುಂದುವರಿಸುತ್ತಿರಲಿಲ್ಲ. "ಹೂಂ ಅನ್ನಬೇ ಶೇಖಿ, ನಾ ಏನು ಗ್ವಾಡಿಗೆ ಹೇಳಾಕತ್ತೀನೇನು?" ಎಂದು ತೊಡೆ ಚಿವುಟುತ್ತಿದ್ದಳು. ಆ ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ, ವಿಮಾನದಲ್ಲಿ ಮೊದಲ ಸಲ, ಹಾರಿಸುವುದನ್ನು ಕಲಿಸುವ ಕ್ಯಾಪ್ಟನ್ ಸಾಹೇಬರ ಪಕ್ಕ ಕೂತಾಗ ಅವರು ಹೇಳಿದ ಪ್ರತಿ ಮಾತಿಗೂ ನಾನು "ಹೂಂ" ಎಂದೆ.

"ಹೂಂ ಅಲ್ಲಮ್ಮ, ರೋಜರ್ ಅನ್ನಬೇಕು" ಎಂದರು ಸಾಹೇಬರು.

"ಹೂಂ ರೀ" ಎಂದೆ.

ಅಜ್ಜಿಯ ಕಥೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮೊರದ ಮೇಲೆ ಕೂತು ಹಾರಿದ ಹುಡುಗಿಯದು. ಕಾಳು ಕೇರುವ ಆ ಮೊರ ಎಲ್ಲಿಗೆ ಅಂದರೆ ಅಲ್ಲಿಗೆ ಒಯ್ಯುತ್ತಿತ್ತು, ಆದರೆ ಒಂದು ಷರತ್ತು. ಮೇಲಿಂದ ತನ್ನ ಮನೆ ಎಲ್ಲಿದೆ ಎಂದು ಹುಡುಕಬಾರದು. ಹುಡುಕಿದರೆ ಅಲ್ಲಿಗೇ ಇಳಿದುಬಿಡುತ್ತದೆ. ಮುದಗಲ್ ಕೋಟೆ ದಾಟಿ ಮೊರ ಮಸ್ಕಿ ಗುಡ್ಡದ ಮೇಲೆ ಬರುವ ಹೊತ್ತಿಗೆ ಅಜ್ಜಿಗೆ ನಿದ್ದೆ ಬಂದಿರುತ್ತಿತ್ತು. ಹುಡುಗಿ ಹುಡುಕಿದಳೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ.

ನಮ್ಮ ಊರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿದೆ. ಕಾಲುವೆಯ ಕೆಳಗೆ ನಮ್ಮದು ಭತ್ತದ ಗದ್ದೆ, ಮೇಲೆ ಮರಡಿಯಲ್ಲಿ ಒಣ ಹೊಲ. ಎಂಬತ್ತನಾಲ್ಕರಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯವರು ಆ ಮರಡಿಯ ಹೊಲ ತೆಗೆದುಕೊಂಡು ಉದ್ದಕ್ಕೆ ಡಾಂಬರು ಹಾಕಿದರು. ಹೊಲ ಕೊಟ್ಟ ಮನೆಯ ಒಬ್ಬರಿಗೆ ಕಲಿಸುತ್ತೇವೆ ಎಂದರು. ಅಣ್ಣ ಕನಕರಾಯ ಹೊಸ ಪ್ಯಾಂಟು ಹಾಕಿಕೊಂಡು ಕಣ್ಣಿನ ಪರೀಕ್ಷೆಗೆ ಹೋದ. ಕೆಂಪು ಚುಕ್ಕಿಗೂ ಹಸಿರು ಚುಕ್ಕಿಗೂ ಒಂದೇ ಹೆಸರು ಹೇಳಿ ಬಂದ. ಅವನ ನಂತರ ನಾನು ಹೋದೆ. ಸಿಂಧನೂರಿನ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ಕೂತಿದ್ದೆ, ನನ್ನ ಕಣ್ಣು ಪಾಸಾದವು. ಊರಿನವರು ನಕ್ಕರು. ಅಜ್ಜಿ ಮಾತ್ರ, "ಮೊರ ಹಾರಿಸಿದಾಕಿ ಹೆಣ್ಣಲ್ಲೇನು?" ಎಂದಳು.

ಎರಡು ವರ್ಷದಲ್ಲಿ ಹವೆ ಸರಿಯಿದ್ದಾಗ, ಪೆಟ್ರೋಲು ಬಂದಾಗ, ಸಾಹೇಬರಿಗೆ ಬಿಡುವಾದಾಗ ಹಾರಿ ಹಾರಿ ನನಗೆ ಹದಿನಾಲ್ಕು ಗಂಟೆ ಆಗಿತ್ತು. ಅದೆಲ್ಲ ಸಾಹೇಬರ ಜೊತೆ ಹಾರಿದ್ದು. ನನ್ನ ನೀಲಿ ರಟ್ಟಿನ ದಾಖಲೆ ಪುಸ್ತಕದಲ್ಲಿ ಎಲ್ಲ ಕಾಲಂ ತುಂಬಿದ್ದವು. ಒಬ್ಬರೇ ಹಾರಿದ ಸಮಯ ಬರೆಯುವ ಕಾಲಂ ಮಾತ್ರ ಖಾಲಿ. ಅಲ್ಲಿ ಒಂದಂಕಿ ಬಿದ್ದರೆ ಹೈದರಾಬಾದಿನ ದೊಡ್ಡ ಶಾಲೆಗೆ ಅರ್ಜಿ ಹಾಕಬಹುದು. ಅದಿಲ್ಲದಿದ್ದರೆ ನಾನು ಹದಿನಾಲ್ಕು ಗಂಟೆ ಯಾರದೋ ಗಾಡಿಯಲ್ಲಿ ಕೂತು ಬಂದವಳು, ಅಷ್ಟೇ.

ಎಂಬತ್ತಾರರ ಡಿಸೆಂಬರಿನ ಒಂದು ಶನಿವಾರ ಸಾಹೇಬರು ಹೇಳಿದರು. "ಸೋಮವಾರ ಬೆಳಿಗ್ಗೆ ನಾನು ಕೆಳಗಡೆ ನಿಂತಿರ್ತೀನಿ. ನೀನೊಬ್ಬಳೇ ಒಂದು ಸುತ್ತು ಹಾಕಿ ಬಾ."

ನಾನು ಹೂಂ ಅನ್ನುವುದನ್ನೂ ಮರೆತೆ.

ಭಾನುವಾರ ಹಾರಾಟವಿರುತ್ತಿರಲಿಲ್ಲ. ಅಂದು ಆ ಡಾಂಬರು ಭತ್ತದ್ದು. ಇದು ಯಾರೂ ಬರೆದಿಟ್ಟ ಕರಾರಲ್ಲ. ಅಜ್ಜಿಯ ಪಾಲಿಗೆ ಅದು ಹೊಲವೂ ಹೌದು, ಕಣವೂ ಹೌದು. "ಕರೀ ಬಣ್ಣ ಹಚ್ಚಿದ್ರ ನೆಲ ಅವರದಾತೇನು?" ಎನ್ನುತ್ತಿದ್ದಳು. ಸಾಹೇಬರು ಮೊದಮೊದಲು ಗದರಿ, ಆಮೇಲೆ ಸೋಮವಾರ ಬೆಳಗಾಗುವುದರೊಳಗೆ ಒಂದು ಕಾಳೂ ಇರಬಾರದು ಎಂದು ಒಪ್ಪಿಕೊಂಡಿದ್ದರು.

ಆ ಭಾನುವಾರ ಅಜ್ಜಿ ಮತ್ತು ಅವಳ ಮೂವರು ನೆಗೆಣ್ಣಿಯರ ಭತ್ತ ಒಟ್ಟಿಗೆ ಬಂದಿತ್ತು. ನಮ್ಮ ಮನೆತನದಲ್ಲಿ ಕಣ ಹಂಚುವ ಪದ್ಧತಿ ಹೀಗೆ: ನಾಲ್ಕು ಮನೆಗೆ ನಾಲ್ಕು ದಿಕ್ಕು, ಹಿರಿಯಳಿಗೆ ಮೂಡಲು. ಅದಕ್ಕೆ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಎರಡು ಗೆರೆ ಎಳೆಯಬೇಕು. ಹಳೆಯ ಕಣದಲ್ಲಾದರೆ ಬೂದಿ ಸಾಕಿತ್ತು. ಡಾಂಬರಿನ ಮೇಲೆ ಬೂದಿ ನಿಲ್ಲುವುದಿಲ್ಲ ಎಂದು ಅಜ್ಜಿ ಬಕೆಟ್ಟಿನಲ್ಲಿ ಸುಣ್ಣ ಕಲಸಿದ್ದಳು. ಹಗ್ಗದ ಈಚೆ ತುದಿ ಹಿಡಿದವಳು ನಾನೇ. ಕೈಯಲ್ಲಿ ಹಗ್ಗವಿತ್ತು, ತಲೆಯಲ್ಲಿ ಸೋಮವಾರವಿತ್ತು. ಗೆರೆಗಳ ನಡುವೆ ಭತ್ತ ಹರವಿ, ಓಡಾಡಲು ಗೆರೆಗಳನ್ನಷ್ಟೇ ಬಿಟ್ಟೆವು.

ಮಧ್ಯಾಹ್ನ ಉತ್ತರದ ಕಡೆಯಿಂದ ಒಂದು ಬಿಳಿ ವಿಮಾನ ಬಂತು. ನಮ್ಮ ಶಾಲೆಯದಲ್ಲ. ಕೆಳಮಟ್ಟದಲ್ಲಿ ಎರಡು ಸುತ್ತು ಹಾಕಿತು. ನಾನು ಕೈಬೀಸಿದೆ. ಅದು ಇಳಿಯದೆ ಬಂದ ದಾರಿ ಹಿಡಿಯಿತು.

"ಯಾರಬೇ ಅವರು? ಇಲ್ಲೀತನ ಬಂದು ಒಂದು ತಂಬಿಗಿ ನೀರು ಕುಡೀಲಿಲ್ಲ" ಎಂದಳು ಅಜ್ಜಿ.

ಸೋಮವಾರ ನಸುಕಿಗೇ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೋದರೆ, ವಿಮಾನ ನಿಲ್ಲಿಸುವ ತಗಡಿನ ಶೆಡ್ಡಿಗೆ ಬೀಗ. ಬಾಗಿಲ ಮೇಲೆ ಇಂಗ್ಲಿಷಿನ ಒಂದು ಹಾಳೆ. ಮುಂದಿನ ಆದೇಶದವರೆಗೆ ಶಾಲೆ ಮುಚ್ಚಲಾಗಿದೆ ಎಂದಿತ್ತು, ಯಾಕೆ ಎಂದಿರಲಿಲ್ಲ. ಮೆಕ್ಯಾನಿಕ್ ಉಸ್ಮಾನ್‌ಸಾಬ್ ಎಣ್ಣೆಯ ಡ್ರಮ್ಮಿನ ಮೇಲೆ ಕೂತು ಬೀಡಿ ಎಳೆಯುತ್ತಿದ್ದ. ಮೊದಲು ಸಿಂಧನೂರಿನ ರೈಸ್ ಮಿಲ್ಲುಗಳ ಎಂಜಿನ್ನು ರಿಪೇರಿ ಮಾಡುತ್ತಿದ್ದವನು.

"ಏನಾತು ಚಾಚಾ?"

"ನಂಗೇನು ಗೊತ್ತು ಬೇಟಿ? ರಾತ್ರಿ ಜೀಪಿನಾಗ ಇಬ್ರು ಬಂದ್ರು, ಹಚ್ಚಿದ್ರು, ಹೋದ್ರು. ಯಾಕ್ರೀ ಸಾಬ್ ಅಂದೆ. ಓದಾಕ ಬರಲ್ಲೇನು ಅಂದ್ರು. ಬರಲ್ಲ ಅಂದೆ. ಹಂಗಾರ ಸುಮ್ನಿರು ಅಂದ್ರು."

"ಕ್ಯಾಪ್ಟನ್ ಸಾಹೇಬರು?"

"ಸಿಂಧನೂರಾಗ ರೂಮಿಗೆ ಬೀಗ ಐತಂತ. ಊಪರ್‌ವಾಲಾಗೇ ಗೊತ್ತು."

ಪಕ್ಕದಲ್ಲಿ ಅಜ್ಜಿಯವರು ಭತ್ತ ಗೋರಿ ಚೀಲಕ್ಕೆ ತುಂಬುತ್ತಿದ್ದರು. ಕಾಳು ಸರಿದಂತೆ ಸುಣ್ಣದ ಗೆರೆಗಳು ಪೂರ್ತಿ ಕಂಡವು. ನಮ್ಮ ಪಾಠದ ಪುಸ್ತಕದಲ್ಲಿ ಇದೇ ಚಿತ್ರವಿತ್ತು, ಹದಿನೇಳನೆಯ ಪುಟದಲ್ಲಿ. ರನ್‌ವೇ ಮೇಲೆ ಕತ್ತರಿಯಂತೆ ಒಂದಕ್ಕೊಂದು ಅಡ್ಡ ಎಳೆದ ಎರಡು ಬಿಳಿ ಗೆರೆ. ಆಕಾಶದಲ್ಲಿರುವವರಿಗೆ ಅದರ ಅರ್ಥ ಒಂದೇ: ಇಲ್ಲಿ ಇಳಿಯಬೇಡಿ, ಇದು ಮುಚ್ಚಿದೆ.

ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಅಜ್ಜಿಗೆ ಹೇಳಿದೆ. ಅವಳು ಗೋರುವ ಹಲಗೆ ಊರಿ ನಿಂತು ಗೆರೆ ನೋಡಿದಳು, ಆಕಾಶ ನೋಡಿದಳು.

"ನಾವು ಬಂದ್ ಅಂತ ಬರದ್ವಿ, ನಿನ್ನಿ ಬಂದ ವಿಮಾನದವರು ಓದಿ ಬಂದ್ ಮಾಡಿದ್ರು ಅಂತೀ?"

"ಹೂಂ."

"ಯವ್ವಾ! ಇಷ್ಟು ದೊಡ್ಡ ಸಾಲಿ ನನ್ನ ಒಂದು ಬಕೀಟ ಸುಣ್ಣಕ್ಕ ನಿಂತ್ಕಂತೇನು?" ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಬಕೆಟ್ಟಿನ ನೀರು ತಂದು, ಸೆರಗು ಸಿಕ್ಕಿಸಿಕೊಂಡು, ಗೆರೆಯನ್ನು ತೆಂಗಿನ ನಾರಿನಿಂದ ತಿಕ್ಕತೊಡಗಿದಳು. ಸುಣ್ಣ ಡಾಂಬರಿನ ರಂಧ್ರಗಳಿಗೆ ಇಳಿದಿತ್ತು. ತಿಕ್ಕಿದಷ್ಟೂ ಅಗಲವಾಯಿತು.

ಮಂಗಳವಾರ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಆಗ ಮಸ್ಕಿಯ ಕಡೆಯವರಿಗೆಲ್ಲ ತಾಲೂಕು ಅದೇ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದರು. ಕೊನೆಗೆ ಆದಪ್ಪ ಎಂಬ ಗುಮಾಸ್ತರು ನನ್ನ ಮಾತು ಪೂರ್ತಿ ಕೇಳಿದರು.

"ತಪ್ಪು ನಮ್ಮದು ರೀ" ಎಂದೆ. "ಭತ್ತ ಹಂಚಾಕ ಗೆರಿ ಹಾಕಿದ್ವಿ. ಬರದು ಕೊಡ್ತೀನಿ. ಸಾಲಿ ಬಾಗ್ಲಾ ತೆಗೀರಿ."

ಅವರು ಕನ್ನಡಕ ಹಣೆಗೇರಿಸಿ ಕಡತಗಳನ್ನು ಒಂದೊಂದಾಗಿ ತಿರುವಿದರು. "ಬಂದ್ ಆಗಿದ್ದರ ಕಾಗದ ನಮಗ ಬಂದಿಲ್ಲ, ತಂಗಿ."

"ಹಂಗಾರ ಬಂದ್ ಆಗಿಲ್ಲೇನ್ರಿ?"

"ತಡೀ. ಚಾಲೂ ಆಗಿದ್ದರ ಕಾಗದಾನೂ ಬಂದಿಲ್ಲ." ಅವರೂ ಗೊಂದಲಕ್ಕೆ ಬಿದ್ದರು. "ಚಾಲೂನ ಆಗದ್ದು ಬಂದ್ ಹೆಂಗ ಆಗ್ತೈತಿ? ನೀ ಎಲ್ಲಿ ಕಲಿತೀದಿ ಅಂದಿ?"

ಮರಳಿ ಬರುವಾಗ ಬಸ್ಸಿನಲ್ಲಿ ನನಗೇ ಅನುಮಾನ ಬಂತು. ನಾನು ನಿಜವಾಗಿ ಹಾರಿದ್ದೆನೋ, ಅಥವಾ ಅಜ್ಜಿಯ ಕಥೆಗೆ ಹೂಂಗುಟ್ಟುತ್ತ ನಿದ್ದೆ ಹೋಗಿದ್ದೆನೋ. ಚೀಲದಲ್ಲಿ ನೀಲಿ ಪುಸ್ತಕ ಮುಟ್ಟಿ ನೋಡಿಕೊಂಡೆ. ಇತ್ತು.

ಗುರುವಾರ ಒಂದು ಲಾರಿಯೊಂದಿಗೆ ಕ್ಯಾಪ್ಟನ್ ಸಾಹೇಬರು ಬಂದರು. ನಾಲ್ಕು ದಿನದ ಗಡ್ಡ. ಶಾಲೆಯ ಮೇಲಿನವರು ಅವರನ್ನು ಹೈದರಾಬಾದಿಗೆ ಕರೆಸಿ, ವರಾಂಡದಲ್ಲಿ ಕೂಡಿಸಿ, ಕೊನೆಗೆ ಕೈಗೊಂದು ಲಕೋಟೆ ಕೊಟ್ಟು ಕಳಿಸಿದ್ದರಂತೆ. ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಹೇರಿ ಕಳಿಸಬೇಕು ಎಂದಿತ್ತು ಅದರಲ್ಲಿ.

ನಾನು ಒಂದೇ ಉಸಿರಿಗೆ ಸುಣ್ಣದ ವಿಷಯವೆಲ್ಲ ಹೇಳಿಬಿಟ್ಟೆ. ಅವರು ಗೆರೆಯ ತನಕ ನಡೆದು ಹೋಗಿ, ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಲಕೋಟೆ ತೆಗೆದು ನನಗೆ ತೋರಿಸಿದರು.

"ತಾರೀಖು ನೋಡು."

ಆದೇಶದ ತಾರೀಖು ಶುಕ್ರವಾರದ್ದು. ನಾವು ಗೆರೆ ಎಳೆಯುವುದಕ್ಕೆ ಎರಡು ದಿನ ಮೊದಲು.

"ಹಾಗಾದ್ರೆ ಭಾನುವಾರ ಆ ವಿಮಾನ ಯಾಕೆ ಬಂತು ಸರ್?"

"ಗೊತ್ತಿಲ್ಲ."

"ಶುಕ್ರವಾರ ಯಾಕೆ ಬಂದ್ ಮಾಡಿದರು?"

"ಗೊತ್ತಿಲ್ಲಮ್ಮ. ಶನಿವಾರ ನಿನಗೆ ಸೋಮವಾರ ಅಂತ ಹೇಳಿದಾಗ ಶಾಲೆ ಆಗಲೇ ಮುಚ್ಚಿತ್ತು. ಅದೂ ನನಗೆ ಗೊತ್ತಿರಲಿಲ್ಲ." ಲಕೋಟೆ ಮಡಚಿದರು. "ಇದರಲ್ಲಿ ಕೊನೆಗೆ ಇನ್ನೊಂದು ಸಾಲಿದೆ. ರನ್‌ವೇ ಮೇಲೆ ಬಿಳಿ ಅಡ್ಡಗೆರೆ ಹಾಕಿಸಬೇಕಂತೆ. ನಿಮ್ಮಜ್ಜಿ ಮೊದಲೇ ಹಾಕಿದ್ದಾರೆ."

ಉಸ್ಮಾನ್‌ಸಾಬ್ ನಕ್ಕ. ಸಾಹೇಬರು ನಗಲಿಲ್ಲ. ತಪ್ಪು ನಮ್ಮದಲ್ಲ ಎಂದು ತಿಳಿದು ನನಗೆ ಹಗುರಾಗಬೇಕಿತ್ತು. ಬದಲಾಗಿ ಕೈಗೆ ಸಿಕ್ಕಿದ್ದ ಒಂದೇ ಕಾರಣವೂ ಜಾರಿಹೋಯಿತು.

ಲಾರಿ ಡಾಂಬರಿನ ಆಚೆ ತುದಿಯಲ್ಲಿ, ರಸ್ತೆಯ ಬದಿಗೆ ನಿಂತಿತ್ತು. ವಿಮಾನವನ್ನು ಶೆಡ್ಡಿನಿಂದ ಅಲ್ಲಿಯವರೆಗೆ ನೆಲದ ಮೇಲೆ ನಡೆಸಿಕೊಂಡು ಹೋಗಬೇಕು. ಸಾಹೇಬರು ಬೀಗ ತೆಗೆಸಿ, ನನ್ನ ಕಡೆ ನೋಡದೆ ಹೇಳಿದರು. "ನೀನು ಓಡಿಸಿಕೊಂಡು ಹೋಗು. ನಾನು ನಡ್ಕೊಂಡು ಬರ್ತೀನಿ."

"ಒಬ್ಬಳೇ?"

"ಇಬ್ಬರ ಕೆಲಸ ಅಲ್ಲ ಅದು."

ಈಗ ಹಾರಾಟವಿಲ್ಲ ಎಂದು ಊರಿನವರು ಅಷ್ಟುದ್ದಕ್ಕೂ ಭತ್ತ ಹರವಿದ್ದರು. ಅಜ್ಜಿ ಸುದ್ದಿ ಕೇಳಿ ಹಲಗೆ ಹಿಡಿದು ಮುಂದೆ ಬಂದಳು. "ಏ ಪಾರ್ವತೆಮ್ಮ, ಏ ಗುಲ್ಷನ್‌ಬೀ, ಸರಸ್ರೇ! ನಡುವ ದಾರಿ ಬಿಡ್ರಿ. ನಮ್ಮ ಶೇಖಿ ಬರಾಕತ್ಯಾಳ!" ಹೆಂಗಸರೆಲ್ಲ ಹಲಗೆಯಿಂದ ಕಾಳನ್ನು ಎರಡೂ ಬದಿಗೆ ಎಳೆದರು. ನಡುವೆ ಕಪ್ಪು ಹಾದಿ ತೆರೆದುಕೊಂಡಿತು.

ಪಕ್ಕದ ಸೀಟು ಖಾಲಿಯಿದ್ದುದರಿಂದ ವಿಮಾನ ಬೇರೆಯದೇ ಅನ್ನಿಸಿತು. ಮೊದಲು ನಡಿಗೆಯ ವೇಗ. ನಿಯಮ ಅಷ್ಟೇ ಇತ್ತು. ಅಜ್ಜಿಯ ಗೆರೆ ದಾಟಿದ ಮೇಲೆ ಮುಂದೆ ಅರ್ಧ ಹಾದಿ ಬರಿದಾಗಿ ಬಿದ್ದಿತ್ತು. ನನ್ನ ಬಲಗೈ ಯಾರನ್ನೂ ಕೇಳದೆ ಎಂಜಿನ್ನಿನ ಹಿಡಿಕೆಯನ್ನು ಮುಂದಕ್ಕೆ ತಳ್ಳಿತು. ಎಂಜಿನ್ನು ಕೂಗಿತು. ಗಾಲಿಗಳ ಗಡಗಡ ಜೋರಾಯಿತು, ಇನ್ನೂ ಜೋರಾಯಿತು. ಆಮೇಲೆ ಗಡಗಡವಷ್ಟೇ ನಿಂತುಹೋಯಿತು.

ಎಷ್ಟು ಹೊತ್ತು, ನನಗೆ ತಿಳಿಯದು. ಒಂದು ಹೂಂ ಅನ್ನುವಷ್ಟು ಇರಬಹುದು. ಆಗ ನಾನು ಮುಂದೆ ನೋಡಬೇಕಿತ್ತು. ಕಣ್ಣು ಎಡಕ್ಕೆ ಹೊರಳಿತು. ಹಿಂದೆ ಉಳಿದ ಹೆಂಗಸರಲ್ಲಿ ಕೆಂಪು ಇಳಕಲ್ ಸೀರೆಯವಳು ಎಲ್ಲಿ ಎಂದು ಹುಡುಕಿತು. ಕೈ ತಾನಾಗಿ ಸಡಿಲವಾಯಿತು. ಗಡಗಡ ಮತ್ತೆ ಶುರುವಾಯಿತು.

ಲಾರಿಯ ಹತ್ತಿರ ನಿಲ್ಲಿಸಿ ಎಂಜಿನ್ನು ಆರಿಸಿದೆ. ಸಾಹೇಬರು ಓಡಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಏದುಸಿರು ಬಿಡುತ್ತ ಉಸ್ಮಾನ್‌ಸಾಬನ ಕಡೆ ತಿರುಗಿದರು. "ಎದ್ದಿತ್ತೇನ್ರಿ?"

"ಖುದಾ ಕಸಂ, ಒಂದು ಗೇಣು ಎದ್ದಿತ್ತು ಸಾಬ್."

"ಗೇಣು ಅಲ್ಲ, ಆಳೆತ್ತರ!" ಎಂದಳು ಗುಲ್ಷನ್‌ಬೀ.

"ಎಲ್ಲಿ ಎದ್ದಿತ್ತವ್ವಾ? ನೆಲದಾಗ ಇತ್ತು" ಎಂದಳು ಪಾರ್ವತೆಮ್ಮ.

ಸಾಹೇಬರು ಅಜ್ಜಿಯನ್ನು ಕೇಳಿದರು. ಅವಳ ತಲೆ, ಹುಬ್ಬು, ಸೀರೆಯೆಲ್ಲ ಹೊಟ್ಟು. "ನಾ ಭತ್ತ ನೋಡಾಕತ್ತಿದ್ದೆ ರೀ ಸಾಹೇಬ್ರ. ಆ ಪಂಖಾದ ಗಾಳಿಗಿ ಜಳ್ಳೆಲ್ಲ ಹಾರಿ ಹೋಗಿ ಗಟ್ಟಿ ಕಾಳು ಉಳಿದೈತಿ. ಎರಡು ದಿನ ತೂರೋ ಕೆಲಸ ಒಂದು ಗಳಿಗ್ಯಾಗ ಆತು."

ಸಾಹೇಬರು ನನ್ನ ನೀಲಿ ಪುಸ್ತಕ ಇಸಿದುಕೊಂಡು ವಿಮಾನದ ಮೂತಿಯ ಮೇಲೆ ತೆರೆದಿಟ್ಟರು. ಉಸ್ಮಾನ್‌ಸಾಬನ ಕಿವಿಯ ಮೇಲಿನ ಸೀಸದ ಕಡ್ಡಿ ತೆಗೆದುಕೊಂಡು, ಖಾಲಿ ಕಾಲಂನಲ್ಲಿ ಒಂದು ನಿಮಿಷ ಎಂದು ಬರೆದು ಸಹಿ ಮಾಡಿದರು.

"ಪೆನ್ನಿನಲ್ಲಿ ಬರೀರಿ ಸರ್."

"ನನಗೇ ಖಾತ್ರಿಯಿಲ್ಲಮ್ಮ. ಹೈದರಾಬಾದಿನ ಶಾಲೆಯವರು ಕೇಳಿದರೆ ನನ್ನ ಹೆಸರು ಹೇಳು. ಹೌದು ಅಂತ ಹೇಳ್ತೀನಿ."

ಅವರು ರೆಕ್ಕೆ ಬಿಚ್ಚುವಾಗ ನಾನು ನಿಂತು ನೋಡಲಿಲ್ಲ. ಅಜ್ಜಿಯ ಮೂಡಲ ಪಾಲಿನ ಭತ್ತ ಗೋರಲು ಕೂತೆ.

"ಮ್ಯಾಲಿಂದ ನಮ್ಮನಿ ಕಂಡತೇನಬೇ?" ಎಂದಳು.

"ಮನಿ ಇಲ್ಲ. ನಿನ್ನ ಹುಡುಕಿದೆ."

ಅಜ್ಜಿ ಹಲಗೆ ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. "ಹುಚ್ಚಿ, ಕಥಿ ಪೂರಾ ಕೇಳಿದ್ದರ ಗೊತ್ತಿರತಿತ್ತು. ಆಕಿ ಹುಡುಕೋದಿಲ್ಲ."

"ನೀ ಯಾವತ್ತು ಪೂರಾ ಹೇಳೀದಿ?"

"ನಾ ದಿನಾ ಹೇಳತಿದ್ದೆ. ನೀ ಮಲಗತಿದ್ದಿ."

ನಮ್ಮಿಬ್ಬರಲ್ಲಿ ಯಾರು ಮೊದಲು ನಿದ್ದೆ ಹೋಗುತ್ತಿದ್ದರು ಎಂಬುದೂ ನನಗೆ ಖಚಿತವಾಗಲಿಲ್ಲ. ಅಜ್ಜಿ ಚೀಲದ ಬಾಯಿ ಅಗಲಿಸಿ ಹಿಡಿದಳು. "ತುಂಬು. ನಾಳೆ ಬಾಜೂ ಮನಿ ಮಾಸ್ತರ ಕೈಲೆ ಹೈದರಾಬಾದಿಗೆ ಅರ್ಜಿ ಬರಸೋಣು. ಆ ಸೀಸದ ಕಡ್ಡಿ ಅಕ್ಷರ ಅಳಿಸಿ ಹೋಗೋದ್ರಾಗ ಹಾಕಬೇಕು."