ಕೊಕ್ಕಿಲ್ಲದ ಸಕ್ಕರೆ ಗಿಣಿ

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡಲು ಹೊಳಲ್ಕೆರೆಯ ಮಮತಾ ತೀರಿಹೋದ ಅಜ್ಜಿಯ ಮರದ ಗಿಣಿ ಅಚ್ಚನ್ನು ನೀರಲ್ಲಿ ನೆನೆಸಿ, ದಾರ ಬಿಗಿದು, ಬಿಸಿ ಪಾಕ ಹೊಯ್ದಳು. ಚಿಕ್ಕಂದಿನಲ್ಲಿ ಅಜ್ಜಿ ಕೈಗಿಡುತ್ತಿದ್ದ ಸಕ್ಕರೆ ಗಿಣಿಗೆ ಒಂದು ವರ್ಷವೂ ಕೊಕ್ಕಿರಲಿಲ್ಲ. ಕೇಳಿದರೆ, "ಅಚ್ಚು ಹಳೇದು ಕಣವ್ವ, ಕೊಕ್ಕು ಅಲ್ಲೇ ಅಂಟ್ಕಂತೈತೆ" ಎನ್ನುತ್ತಿದ್ದಳು.

ಪಾಕ ಆರಿತು. ದಾರ ಬಿಚ್ಚಿದರೆ ಗಿಣಿ ಕೊಕ್ಕಿನ ಸಮೇತ ಇಡಿಯಾಗಿ ಎದ್ದುಬಂತು!

ಮಮತಾಗೆ ನಗು ತಡೆಯಲಾಗಲಿಲ್ಲ. ಸಕ್ಕರೆ ಕಾಯಿಲೆಯ ಅಜ್ಜಿಗೆ ಆಗ ಮನೆಮಂದಿಯೆಲ್ಲ ಕಾವಲು; ಬೆಲ್ಲದ ಡಬ್ಬಿಯೂ ಅಟ್ಟ ಸೇರಿತ್ತು. ಎಂಥ ಕಳ್ಳಿ ನಮ್ಮಜ್ಜಿ! ಮಮತಾ ಕೊಕ್ಕನ್ನು ಮೆಲ್ಲಗೆ ಮುರಿದು ಅಜ್ಜಿಯ ಫೋಟೋದ ಹಿಂದೆ ಬಚ್ಚಿಟ್ಟಳು.

"ಅಮ್ಮಾ, ಗಿಣಿ ಕೊಕ್ಕೆಲ್ಲಿ?" ಮಗಳು ಕಾವ್ಯಶ್ರೀ ಕೇಳಿದಳು.

"ಅಚ್ಚು ಹಳೇದು ಕಣವ್ವ," ಎಂದಳು ಮಮತಾ, "ಅಲ್ಲೇ ಅಂಟ್ಕಂತೈತೆ."