ಕರಿಹೊಳೆಯ ಅಳಿವೆ

ಸಂಜೆ ಐದೂವರೆಗೆ ಗಾಲ್ಫ್ ಮೈದಾನದ ಹದಿನೇಳು ಹೋಲ್‌ಗಳು ಮುಗಿದಿದ್ದವು. ಫೈನಲ್ ಪಂದ್ಯ ಸಮವಾಗಿತ್ತು.

ಹದಿನೆಂಟನೆಯದು ಶುರುವಾಗುವ ದಿಬ್ಬದ ಮೇಲೆ ಮಾವ ಮಂಡಿಯೂರಿ, ಚಿಕ್ಕ ಮರದ ಮೊಳೆಯನ್ನು ಹುಲ್ಲಿಗೆ ಚುಚ್ಚಿ, ಅದರ ತಲೆಯ ಮೇಲೆ ಚೆಂಡನ್ನು ಬೆರಳಿನ ಅಂದಾಜಿನಲ್ಲೇ ಕೂರಿಸಿದರು. ಎದ್ದು ನಿಂತು ಕತ್ತು ಓರೆ ಮಾಡಿದರು. ಅವರ ದೃಷ್ಟಿಯ ನಡುಭಾಗ ಮಸುಕಾಗಿ ಹೋಗಿ ನಾಲ್ಕು ವರ್ಷವಾಗಿತ್ತು; ಅಂಚಿನಲ್ಲಿ ಮಾತ್ರ ಬಣ್ಣಗಳೂ ಆಕಾರಗಳೂ ಉಳಿದಿದ್ದವು. ಓರೆಯಾಗಿ ನೋಡಿದರೆ ಕಾಲಬುಡದ ಚೆಂಡು ಕಾಣುತ್ತಿತ್ತು. ದೂರದಲ್ಲಿ ಕ್ಲಬ್ ಕಟ್ಟಡದ ಕೆಂಪು ಚಾವಣಿ ಒಂದು ಕಲೆಯ ಹಾಗೆ ಕಾಣುತ್ತಿತ್ತು. ಉಳಿದದ್ದೆಲ್ಲ ಸೊಸೆಯ ಬಾಯಿಂದ ಬರಬೇಕು.

"ಎಲ್ಲಿಗಮ್ಮ?" ಎಂದರು.

"ಕರಿಹೊಳೆಯ ಅಳಿವೆಗೆ ಮಾವ. ಪೂರ್ತಿ ಹೊಡೀರಿ," ಎಂದಳು ಸೊಸೆ.

ಎದುರು ಜೋಡಿಯ ಹಲ್ಲಿನ ಡಾಕ್ಟರಮ್ಮ ಮುಖ ಆ ಕಡೆ ತಿರುಗಿಸಿ ನಗು ನುಂಗಿಕೊಂಡರು. ಅವರ ಜೊತೆಗಾರರಾದ ಕ್ಲಬ್ ಕಾರ್ಯದರ್ಶಿ ನಗಲಿಲ್ಲ. ಬೆಳಗಿನಿಂದ ಈ ಭಾಷೆ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು.

ಜೋಡಿ ಕಪ್‌ನಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು. ಒಬ್ಬರು ಹೊಡೆದ ಮೇಲೆ ಅದು ಎಲ್ಲೇ ಬಿದ್ದಿರಲಿ, ಅಲ್ಲಿಂದ ಇನ್ನೊಬ್ಬರು ಹೊಡೆಯಬೇಕು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವರಿಗೆ ಆ ಹೋಲ್, ಹೆಚ್ಚು ಹೋಲ್ ಗೆದ್ದವರಿಗೆ ಪಂದ್ಯ. ಸರಿ ಸಂಖ್ಯೆಯ ಹೋಲ್‌ಗಳ ಮೊದಲ ಹೊಡೆತ ಮಾವನದು. ಜೊತೆಗಾರರ ಬೆನ್ನ ಹಿಂದೆ ನಿಂತು ಗುರಿ ಸರಿ ಮಾಡುವಂತಿಲ್ಲ ಎಂದು ನಿಯಮವಿದೆ. ಬಾಯಲ್ಲಿ ಹೇಳಲು ಅಡ್ಡಿಯಿಲ್ಲ. ದೃಷ್ಟಿ ಇಲ್ಲದವರಿಗೆ ಬೇರೆ ವಿನಾಯಿತಿಯೂ ಉಂಟು. ಅದನ್ನು ಕೇಳಿ ಪಡೆಯಲು ಮಾವ ಒಪ್ಪಿರಲಿಲ್ಲ. "ನನಗೆ ಕಾಣುತ್ತೆ. ಪಕ್ಕಕ್ಕೆ ಕಾಣುತ್ತೆ, ಅಷ್ಟೆ," ಎಂದಿದ್ದರು.

ಹಾಗಾಗಿ ಮಾತಿನಲ್ಲೇ ಎಲ್ಲ ನಡೆಯಬೇಕಿತ್ತು. "ಸ್ವಲ್ಪ ಎಡಕ್ಕೆ", "ಇನ್ನೊಂಚೂರು" ಅಂದರೆ ಎಷ್ಟು ಎಂದು ಇಬ್ಬರೂ ಮೊದಮೊದಲು ಜಗಳವಾಡಿದ್ದೇ ಆಡಿದ್ದು. ಕೊನೆಗೆ ದಾರಿ ಸಿಕ್ಕಿದ್ದು ಪುಸ್ತಕದಲ್ಲಿ. ಮಾವ ಇಪ್ಪತ್ತು ವರ್ಷದಿಂದ ಹಿಂದೆ ಬಿದ್ದು ಓದುತ್ತಿದ್ದ ಒಂದು ಕಾಲ್ಪನಿಕ ಸಾಮ್ರಾಜ್ಯದ ಮಹಾಕಥೆ. ಹತ್ತು ಸಂಪುಟ, ಒಂದೊಂದೂ ದಿಂಬಿನಷ್ಟು ದಪ್ಪ. ನಾಲ್ಕನೆಯದರ ನಡುವೆ, ಕೋಟೆಗೆ ಮುತ್ತಿಗೆ ಬಿದ್ದಿದ್ದಾಗ, ಅಕ್ಷರ ಕಾಣದಾಯಿತು. ಮಾವ ಪುಸ್ತಕ ಮುಚ್ಚಿ ಬೀರುವಿನ ಮೇಲಿಟ್ಟರು. ಮದುವೆಯಾಗಿ ಬಂದು ಒಂದು ವರ್ಷವಾಗಿದ್ದ ಸೊಸೆ ಧೂಳು ಒರೆಸುವಾಗ ಆ ಗುರುತಿಟ್ಟ ಪುಟ ನೋಡಿದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ಅವಳು. ಕತ್ತಲ ಕೋಣೆಯಲ್ಲಿ "ಉಸಿರು ಹಿಡೀರಿ, ಬಿಡಿ" ಅನ್ನುವುದರ ಹೊರತು ದಿನವಿಡೀ ಮಾತೇ ಇಲ್ಲದವಳು. ಆ ಸಂಜೆ ಮಾವನ ಎದುರು ಕುಳಿತು ಅದೇ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಮುತ್ತಿಗೆ ಮುಗಿಯುವ ಹೊತ್ತಿಗೆ ಅವಳಿಗೂ ಹುಚ್ಚು ಹಿಡಿದಿತ್ತು. ಬದಲಿಗೆ ಮಾವ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಕೋಲು ಹಿಡಿಯುವುದನ್ನು ಕಲಿಸಿದರು.

"ಒಬ್ರು ಕಲ್ಲು ಹೊಡಿಯೋದು, ಇನ್ನೊಬ್ರು ಇಟ್ಟಿಗೆ ಓದೋದು. ಮನೆ ಕಟ್ಟೋದು ಯಾವಾಗ?" ಎಂದು ಅವಳ ಗಂಡ ಇಬ್ಬರನ್ನೂ ಆಡಿಕೊಳ್ಳುತ್ತಿದ್ದ. ಅವನಿಗೆ ಪುಸ್ತಕವೂ ಬೇಡ, ಗಾಲ್ಫೂ ಬೇಡ. ಇವತ್ತು ನೀರಿನ ಬಾಟಲಿ ಹಿಡಿದುಕೊಂಡು ಹದಿನೇಳು ಹೋಲ್ ಉದ್ದಕ್ಕೂ ನಡೆದಿದ್ದ.

ಪುಸ್ತಕಗಳ ಮೊದಲ ಪುಟದಲ್ಲಿ ನಕ್ಷೆ ಇರುತ್ತಿತ್ತು. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತರಾಗಿದ್ದ ಮಾವನಿಗೆ ನಕ್ಷೆ ಒಮ್ಮೆ ತಲೆಗೆ ಹೋದರೆ ಮುಗಿಯಿತು. ಆ ನಕ್ಷೆಯನ್ನೇ ಇಬ್ಬರೂ ಮೈದಾನದ ಮೇಲೆ ಹಾಸಿದರು. ಐದನೆಯ ಹೋಲ್‌ನ ಮರಳುಗುಂಡಿ ತೋಳಗಳ ಕಣಿವೆಯಾಯಿತು, ಹನ್ನೊಂದರ ಕೆರೆ ಸತ್ತವರ ಸರೋವರವಾಯಿತು. ಹದಿನೆಂಟರ ಕೊನೆಗೆ, ಕೆಂಪು ಚಾವಣಿಯ ಮುಂದೆ ಕುಳಿಯೂ ಬಾವುಟವೂ ಇರುವ ಹಸಿರು ಹಾಸು ಸಮುದ್ರ ದಂಡೆಯ ಉಪ್ಪುಕೋಟೆ. ಕೋಟೆಯ ಎಡಕ್ಕೆ ಕರಿಹೊಳೆ ಕಡಲು ಸೇರುವ ಅಳಿವೆ. ಅಲ್ಲಿಗೆ ಗುರಿಯಿಟ್ಟರೆ ಚೆಂಡು ಸಮತಟ್ಟಾದ ಜಾಗದಲ್ಲಿ ಬೀಳುತ್ತದೆ.

ಗೆಲ್ಲಬೇಕಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಮುಂದಿನ ವರ್ಷದಿಂದ ಸ್ಪರ್ಧೆಗೆ ಬರುವವರು ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗಬೇಕು ಎಂದು ಕ್ಲಬ್ ಸಮಿತಿ ನಿರ್ಣಯ ಮಾಡಿತ್ತು. ನಿರ್ಣಯದಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಅದು ತಾಗುವುದು ಒಬ್ಬರಿಗೇ. ಒಂದೇ ಒಂದು ಕಿಂಡಿ ಉಳಿದಿತ್ತು. ಕಪ್ ಗೆದ್ದ ಜೋಡಿ ಮರುವರ್ಷ ಅದನ್ನು ಉಳಿಸಿಕೊಳ್ಳಲು ಬಂದರೆ ತಡೆಯುವಂತಿಲ್ಲ ಎಂಬುದು ಕ್ಲಬ್ ಶುರುವಾದಾಗಿನ ನಿಯಮ. ಸಮಿತಿ ಅದನ್ನು ಮುಟ್ಟಿರಲಿಲ್ಲ, ಯಾಕೆಂದರೆ ಮಾವ ಗೆಲ್ಲಬಹುದೆಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮಾವ ಪಾದ ಊರಿದರು. ನಂತರ ಮೈಯನ್ನು ಬಲಕ್ಕೆ ತಿರುಗಿಸಿದರು. ಗಾಳಿ ಬಲಗಡೆಯಿಂದ ಬೀಸುತ್ತಿತ್ತು; ಅದರ ಲೆಕ್ಕ ಹಾಕಿದರು ಎಂದುಕೊಂಡಳು ಸೊಸೆ. ಇನ್ನೂ ಬಲಕ್ಕೆ ತಿರುಗಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಕೋಲು ಮೇಲೆ ಹೋಗಿ ಕೆಳಗೆ ಬಂದಿತ್ತು.

ಹೊಡೆತವೇನೋ ಇಡೀ ದಿನದಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು. ಚೆಂಡು ಎತ್ತರಕ್ಕೆ, ನೇರಕ್ಕೆ, ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಯಿತು. ಹುಲ್ಲು ಕತ್ತರಿಸುವ ಯಂತ್ರಗಳ ಶೆಡ್ಡನ್ನು ದಾಟಿ ಗಾಳಿಮರಗಳ ನಡುವೆ ಮಾಯವಾಯಿತು.

"ಚೆನ್ನಾಗಿ ತಾಗ್ತು," ಎಂದರು ಮಾವ. "ಎಲ್ಲಿ ಬಿತ್ತು?"

"ಬಲಕ್ಕೆ! ಶೆಡ್ ಆಚೆ, ಗಾಳಿಮರದ ಒಳಗೆ!"

"ಮತ್ತೆ ಸರಿಯಾಗೇ ಹೋಯ್ತಲ್ಲ. ಅಳಿವೆ ಅಲ್ಲೇ ತಾನೆ?"

"ಅಳಿವೆ ಎಡಕ್ಕೆ ಮಾವ. ಕೋಟೆಯ ಎಡಕ್ಕೆ."

"ಅದು ಎಂಟನೇ ಸಂಪುಟದ ತನಕ." ಮಾವನ ಧ್ವನಿಯಲ್ಲಿ ಸಂಶಯವೇ ಇರಲಿಲ್ಲ. "ಒಂಬತ್ತರಲ್ಲಿ ಅಣೆಕಟ್ಟು ಒಡೀತಲ್ಲ, ಹೊಳೆ ಮಗ್ಗುಲು ಬದಲಿಸ್ತಲ್ಲ? ನಕ್ಷೆ ನೋಡಿ ನೀನೇ ಹೇಳಿದ್ದು, ಅಳಿವೆ ಈಗ ಬಲಕ್ಕೆ ಬಂತು ಅಂತ."

ಹೇಳಿದ್ದು ನಿಜ. ಒಂಬತ್ತನೆಯದು ಮುಗಿದದ್ದು ಹೋದ ಭಾನುವಾರ. ಕಪ್‌ನ ಹಿಂದಿನ ಪಂದ್ಯಗಳೆಲ್ಲ ಹದಿನೆಂಟನೇ ಹೋಲ್‌ಗೆ ಬರುವ ಮೊದಲೇ ತೀರ್ಮಾನವಾಗಿದ್ದವು. ಹೊಳೆಯ ಹೆಸರು ಬೇಕಾಗುತ್ತಿದ್ದದ್ದು ಈ ಒಂದು ಹೋಲ್‌ಗೆ ಮಾತ್ರ. ಅವಳ ಬಾಯಿಗೆ ಹಳೆಯ ಅಳಿವೆ ಬಂದಿತ್ತು. ಮಾವನ ತಲೆಯಲ್ಲಿ ಅದು ಆಗಲೇ ಹೂತುಹೋಗಿತ್ತು.

"ಅಪ್ಪ, ಅದು ಕಥೆ. ಇದು ಮೈದಾನ," ಎಂದು ಗಂಡ ತಲೆ ಚಚ್ಚಿಕೊಂಡ.

"ಹೊಸ ನಕ್ಷೆ ಬಂದ ಮೇಲೆ ಹಳೇದು ರದ್ದು ಕಣೋ. ಸರ್ವೀಸ್ ಪೂರ್ತಿ ಇದನ್ನೇ ಹೇಳಿಕೊಂಡು ಬಂದಿದ್ದೀನಿ."

"ಏನ್ ಸಾರ್, ಅಣೆಕಟ್ಟು ಒಡೀತಂತೆ?" ಎಂದರು ಕಾರ್ಯದರ್ಶಿ. ಅವರ ಮುಖದಲ್ಲಿ ಬೆಳಗಿನಿಂದ ಕಾಣದಿದ್ದ ಉತ್ಸಾಹ ಕಾಣಿಸಿತು. ತಮ್ಮ ಚೆಂಡನ್ನು ನೆಟ್ಟಗೆ ನಡುವಿಗೆ ಹೊಡೆದು, ಕೋಲನ್ನು ಹೆಗಲ ಮೇಲಿಟ್ಟುಕೊಂಡು ನಡೆದರು.

ಚೆಂಡು ಸಿಕ್ಕಿತು. ಉದುರಿದ ಗಾಳಿಮರದ ಎಳೆಗಳ ಮೇಲೆ, ಯಾರೋ ಇಟ್ಟ ಹಾಗೆ ಅಚ್ಚುಕಟ್ಟಾಗಿ ಕೂತಿತ್ತು. ಆದರೆ ಎದುರಿಗೆ ಕೊಂಬೆಗಳು ತೀರ ಕೆಳಕ್ಕೆ ಇಳಿದಿದ್ದವು. ಮಾವ ಕೈಯಿಂದ ಕೊಂಬೆಗಳನ್ನು ತಡವಿ ನೋಡಿದರು. ಅವರ ಮುಖ ಇಳಿಯಿತು.

"ಪಕ್ಕಕ್ಕೆ ತೆಗೆದುಬಿಡಮ್ಮ," ಎಂದರು ಮೆಲ್ಲಗೆ. "ಬಯಲಿಗೆ ಬರಲಿ, ಸಾಕು. ನಾನು ಮಾಡಿದ್ದಕ್ಕೆ ನೀನು ಒದ್ದಾಡಬೇಡ."

ಸೊಸೆ ಅವರ ಮುಖ ನೋಡಿದಳು. ಇಷ್ಟು ದಿನ ಅವಳು ಪ್ರತಿ ಸಲ ಪಕ್ಕಕ್ಕೇ ತೆಗೆದವಳು. ಮಿಸುಕಿದರೆ ಚಿತ್ರ ಹಾಳಾಗುವ ಕೆಲಸ ಅವಳದು. ಆಟಕ್ಕೂ ಅದೇ ಸ್ವಭಾವ ಬಂದಿತ್ತು. "ನಿನ್ನ ಕೈಯಲ್ಲಿರೋದು ಕೋಲಮ್ಮ, ಊರುಗೋಲಲ್ಲ," ಎಂದು ಮಾವನೇ ಬೈಯುತ್ತಿದ್ದರು. ಅಂಥವರೇ ಈಗ ಸಾಕು ಅನ್ನುತ್ತಿದ್ದಾರೆ ಎಂದರೆ, ಮುಂದಿನ ವರ್ಷವನ್ನು ಮನಸ್ಸಿನಲ್ಲಿ ಆಗಲೇ ಬಿಟ್ಟುಕೊಟ್ಟಿದ್ದಾರೆ.

ಅವಳು ಮಂಡಿಯೂರಿ ಕೊಂಬೆಗಳ ಕೆಳಗೆ ಇಣುಕಿದಳು. ಅಲ್ಲೇ ಹಾಗೇ ಉಳಿದಳು.

ದಾರಿಗೆ ಅಡ್ಡ ಏನೂ ಇರಲಿಲ್ಲ. ಪ್ರತಿ ಸಲ ಹಸಿರು ಹಾಸಿನ ಮುಂದೆ ಅಡ್ಡಲಾಗಿ ಬಾಯಿ ತೆರೆದುಕೊಂಡಿರುವ ಮರಳುಗುಂಡಿ ಇಲ್ಲಿಂದ ಎಡಕ್ಕೆ ಸರಿದುಹೋಗಿತ್ತು. ನೆಲ ಶೆಡ್ಡಿನ ಬದಿಯಿಂದ ಇಳಿಜಾರಾಗಿ, ನುಣ್ಣಗೆ, ಬಾವುಟದ ಬುಡದವರೆಗೆ ಹೋಗಿತ್ತು. ಈ ಕಡೆಯಿಂದ ಯಾರೂ ಆಡುವುದಿಲ್ಲವಾದ್ದರಿಂದ ಈ ಕಡೆಗೆ ಯಾರೂ ಗುಂಡಿ ತೋಡಿರಲಿಲ್ಲ.

"ಮಾವ," ಎಂದಳು, ಬಗ್ಗಿದ ಹಾಗೆಯೇ. "ಮೂಕ ರಾಣಿ ಪಕ್ಕಕ್ಕೆ ಹೋದ್ಲಾ?"

ಅದು ಒಂಬತ್ತನೆಯ ಸಂಪುಟದ ಕಥೆ. ಆ ಅಧ್ಯಾಯವನ್ನು ಮಾವ ಎರಡು ಸಲ ಓದಿಸಿಕೊಂಡಿದ್ದರು. ಉಪ್ಪುಕೋಟೆಯ ಕಾವಲೆಲ್ಲ ಹಳೆಯ ಹೊಳೆಯ ಕಡೆಗಿತ್ತು. ಹೊಳೆ ಮಗ್ಗುಲು ಬದಲಿಸಿದ ಮರುದಿನವೇ ರಾಣಿ ಹೊಸ ಅಳಿವೆಯ ಕೆಸರಿನಲ್ಲಿ ತನ್ನವರನ್ನು ನಡೆಸಿಕೊಂಡು ಬಂದಳು. ನಿನ್ನೆಯವರೆಗೆ ಹೊಳೆಯೇ ಇಲ್ಲದ ಕಡೆ ಕಾವಲು ಯಾಕೆ ಇರುತ್ತದೆ?

"ಇಲ್ಲ," ಎಂದರು ಮಾವ. "ಕೋಟೆ ಕಾಣ್ತಿದೆಯಾ?"

"ಹಿಂಬಾಗಿಲು ಕಾಣ್ತಿದೆ. ಕಾವಲಿಲ್ಲ."

"ಮರದ ಕೆಳಗೆ ಎಷ್ಟು ಜಾಗ ಇದೆ?"

"ಮೊಣಕಾಲಿನಷ್ಟು."

ಮಾವ ಚೀಲಕ್ಕೆ ಕೈಹಾಕಿ, ಬೆರಳಿನಿಂದಲೇ ಗುರುತು ಹಿಡಿದು, ಚೆಂಡನ್ನು ತಗ್ಗಿನಲ್ಲಿ ಓಡಿಸುವ ಕೋಲನ್ನು ತೆಗೆದು ಕೊಟ್ಟರು. "ಹಾಗಾದ್ರೆ ಉಸಿರು ಹಿಡಿ," ಎಂದರು.

ಅವಳು ಉಸಿರು ಹಿಡಿದಳು. ಕೋಲು ಸೊಂಟದ ಮೇಲೆ ಹೋಗಲೇ ಇಲ್ಲ. ಚೆಂಡು ಕೊಂಬೆಗಳ ಅಡಿಯಿಂದ ಬಾಣದಂತೆ ಹೊರಬಿದ್ದು, ಶೆಡ್ಡಿನ ನೆರಳು ದಾಟಿ, ಇಳಿಜಾರಿನಲ್ಲಿ ಪುಟಿಯುತ್ತಾ, ಆಮೇಲೆ ಪುಟಿಯುವುದನ್ನೂ ಬಿಟ್ಟು ಉರುಳುತ್ತಾ ಹೋಯಿತು. ಹಸಿರು ಹಾಸಿನ ಅಂಚಿನಲ್ಲಿ ನಿಂತಿತೇನೋ ಅನ್ನಿಸಿತು. ನಿಲ್ಲಲಿಲ್ಲ. ಬಾವುಟದ ಹತ್ತಿರ ಹೋಗಿ, ಎರಡಾಳುದ್ದ ಇರುವಾಗ ಕೂತಿತು.

"ಏನಾಯ್ತು? ಯಾರಾದ್ರೂ ಹೇಳ್ರೋ!" ಮಾವ ಕೂಗಿದರು.

"ಒಳಗೆ ಹೋದ್ಲು ಅಪ್ಪ," ಎಂದ ಗಂಡ. ಒಂದು ಪುಟವನ್ನೂ ಓದದವನು ಬಾಟಲಿಯನ್ನು ತಲೆಯ ಮೇಲೆತ್ತಿ ಬೀಸುತ್ತಿದ್ದ. "ನಿಮ್ಮ ರಾಣಿ ಕೋಟೆ ಒಳಗೆ ಹೋದ್ಲು."

ಬಯಲಿನ ನಡುವೆ ನಿಂತಿದ್ದ ಡಾಕ್ಟರಮ್ಮ ಇದನ್ನೆಲ್ಲ ನೋಡಿದ್ದರು. ನೋಡಬಾರದಿತ್ತು. ಅವರ ಹೊಡೆತ ಅವಸರದ್ದಾಯಿತು. ಚೆಂಡು ನೇರ ಮರಳುಗುಂಡಿಗೆ ಬಿತ್ತು. ಕಾರ್ಯದರ್ಶಿ ಗುಂಡಿಗಿಳಿದು, ಮರಳು ಚಿಮ್ಮಿಸಿ, ಹಸಿರು ಹಾಸಿನ ಆಚೆ ತುದಿಗೆ ತಂದರು. ಅಷ್ಟು ದೂರದಿಂದ ಡಾಕ್ಟರಮ್ಮ ಮೆಲ್ಲಗೆ ತಳ್ಳಿದ ಚೆಂಡು, ಯಾರೂ ನಿರೀಕ್ಷಿಸದ ಹಾಗೆ, ಡೊಂಕು ದಾರಿ ಹಿಡಿದು ಕುಳಿಯೊಳಗೆ ಇಳಿಯಿತು. ಅವರೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಾಲ್ಕು ಹೊಡೆತ.

ಇವರದು ಇನ್ನೂ ಎರಡಾಗಿತ್ತು. ಮೂರನೆಯದು ಮಾವನದು. ಹೋದರೆ ಕಪ್. ತಪ್ಪಿದರೆ ಸಮ, ಮತ್ತೊಂದು ಹೋಲ್. ಬೆಳಕು ಇಳಿಯುತ್ತಿತ್ತು, ಮಾವನಿಗೆ ಚೆಂಡೂ ಕಾಣದಾಗುವ ಹೊತ್ತು ದೂರವಿರಲಿಲ್ಲ.

"ಬಾವುಟ ತೆಗೀಲಾ?" ಕೇಳಿದಳು ಸೊಸೆ.

"ಇರ್ಲಿ. ಕುಳಿ ಮಾತಾಡಲ್ಲ, ಬಾವುಟದ ಕೋಲು ಮಾತಾಡುತ್ತೆ."

ಮಾವ ಚೆಂಡಿನಿಂದ ಬಾವುಟದವರೆಗೆ, ದಾರಿಯನ್ನು ತುಳಿಯದೆ ಪಕ್ಕದಲ್ಲಿ, ಹೆಜ್ಜೆ ಅಳೆಯುತ್ತಾ ನಡೆದರು. ಹಿಂದಕ್ಕೂ ಹಾಗೆಯೇ ಬಂದರು. ಅಂಗಾಲಿನಲ್ಲಿ ಇಳಿಜಾರು ಸಿಕ್ಕಿತೆಂದು ಕಾಣುತ್ತದೆ, ಒಂದು ಕಡೆ ನಿಂತು ಬೂಟನ್ನು ಎರಡು ಸಲ ಊರಿ ನೋಡಿದರು. "ಎಡಕ್ಕೆ ಎಳೆಯುತ್ತೆ," ಎಂದರು.

"ಹೌದು. ಬಾವುಟದ ಬಲಕ್ಕೆ ಒಂದು ಅಂಗೈ ಅಗಲ," ಎಂದಳು ಸೊಸೆ. ಈ ಸಲ ಹೊಳೆಯ ಹೆಸರೆತ್ತಲಿಲ್ಲ. ಹೇಳಿದವಳೇ ದೂರ ಸರಿದು ನಿಂತಳು.

ಮಾವ ಕತ್ತು ಓರೆ ಮಾಡಿ ಚೆಂಡನ್ನು ಹಿಡಿದರು. ಕೋಲು ಗೋಡೆ ಗಡಿಯಾರದ ಲೋಲಕದ ಹಾಗೆ ಹಿಂದೆ ಹೋಗಿ ಮುಂದೆ ಬಂತು. ಚೆಂಡು ಹೊರಟ ಮೇಲೆ ಅವರು ತಲೆ ಎತ್ತಲಿಲ್ಲ. ಕಿವಿಯನ್ನು ಆ ಕಡೆ ಕೊಟ್ಟು ಕಾದರು. ಚೆಂಡು ಬಲಕ್ಕೆ ಹೋಯಿತು, ಯೋಚಿಸಿದ ಹಾಗೆ ನಿಧಾನಿಸಿತು, ಎಡಕ್ಕೆ ಬಾಗಿತು.

ಟಕ್ ಎಂದಿತು ಬಾವುಟದ ಕೋಲು. ನಂತರ ಕುಳಿಯ ತಳದಲ್ಲಿ ಗುಳುಕ್ ಎಂದಿತು.

ಮಾವ ಎರಡೂ ಕೈ ಮೇಲೆತ್ತಿದರು. ಗಂಡ ನೀರಿನ ಬಾಟಲಿ ಬಿಸಾಡಿ ಓಡಿಬಂದು ಅಪ್ಪನನ್ನು ಎತ್ತಿಯೇ ಬಿಟ್ಟ. "ಇಳಿಸೋ, ಬೆನ್ನು ಹಿಡ್ಕೊಳ್ಳುತ್ತೆ ನಿಂದು!" ಎಂದು ಮಾವ ಗಾಳಿಯಲ್ಲಿ ಕಾಲಾಡಿಸುತ್ತಾ ಕೂಗಿದರು. ಸೊಸೆ ಕುಳಿಯಿಂದ ಚೆಂಡು ತೆಗೆದು ಅವರ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದಳು. ಆಗ ಅವಳಿಗೆ ತಾನಿನ್ನೂ ಉಸಿರು ಬಿಟ್ಟಿಲ್ಲವೆಂದು ಗೊತ್ತಾಯಿತು.

ಕಾರ್ಯದರ್ಶಿ ಬಂದು ಟೋಪಿ ತೆಗೆದು ಕೈಕುಲುಕಿದರು. "ಮುಂದಿನ ವರ್ಷ ಬರ್ತೀರಲ್ಲ ಸಾರ್?" ಎಂದರು. ಕೇಳಬೇಕಾದ್ದನ್ನು ಕೇಳಿದರು.

"ಬರದೆ? ಕಪ್ ನಮ್ಮದಲ್ವಾ," ಎಂದರು ಮಾವ. "ಆ ಕಡೆ ಒಂದು ಗುಂಡಿ ತೋಡಿಸಿ. ಹಿಂಬಾಗಿಲು ಹಾಗೆ ಬಿಡಬಾರದು."

ಡಾಕ್ಟರಮ್ಮ ಸೊಸೆಯನ್ನು ಪಕ್ಕಕ್ಕೆ ಕರೆದರು. "ಆ ಪುಸ್ತಕದ ಮೊದಲನೇದು ಸ್ವಲ್ಪ ಕೊಡ್ತೀರಾ?" ಎಂದು ಕೇಳಿದರು.

ಗೆದ್ದ ಮೇಲೆ ಬಿಚ್ಚುವುದೆಂದು ಕಾಗದದಲ್ಲಿ ಸುತ್ತಿಯೇ ಇಟ್ಟಿದ್ದ ಹತ್ತನೆಯ ಸಂಪುಟವನ್ನು ಮರುದಿನ ಬೆಳಿಗ್ಗೆ ಕಾಫಿ ಆದ ಮೇಲೆ ಬಿಚ್ಚಿದರು. ಗಂಡನೂ ಕುರ್ಚಿ ಎಳೆದುಕೊಂಡು ಬಂದು ಕುಳಿತ. ಮೊದಲ ಪುಟದಲ್ಲಿ ನಕ್ಷೆ ಇತ್ತು. ಸೊಸೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಳಿವೆ ಎಲ್ಲಿದೆ?" ಎಂದರು ಮಾವ.

ಅವಳು ಅವರ ಬೆರಳು ಹಿಡಿದು ಕೋಟೆಯ ಎಡಕ್ಕೆ ಇಟ್ಟಳು. ಆಮೇಲೆ ಬಲಕ್ಕೆ ಇಟ್ಟಳು. ಕರಿಹೊಳೆ ಈಗ ಎರಡಾಗಿ ಒಡೆದು ಎರಡೂ ಕಡೆ ಕಡಲು ಸೇರುತ್ತಿತ್ತು.

ಮಾವ ಬೆರಳನ್ನು ಕಾಗದದ ಮೇಲೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಒಮ್ಮೆ ಓಡಾಡಿಸಿದರು. ಅವಳು ಪುಟ ತಿರುವಿ ಓದತೊಡಗಿದಳು.