ನಾಲ್ಕು ತೂತಿನ ಬೆಳಕು

ಕಾರಿನ ನೆಲದಿಂದ ಬೆಳಕು ಎದ್ದು ನಿಂತಿದೆ, ನಾಲ್ಕು ಕಡ್ಡಿ ನೆಟ್ಟ ಹಾಗೆ, ಕೆಳಗೆ ಮೆಕ್ಯಾನಿಕ್ ಅಂಗಾತ ಮಲಗಿ ಲೈಟು ಹಿಡಿದಿದ್ದಾರೆ, ಅಷ್ಟೇ ಸಂಗತಿ, ಆ ಲೈಟು ಡ್ರೈವರ್ ಬದಿಯ ನಾಲ್ಕು ತೂತುಗಳಲ್ಲಿ ತೂರಿ ಮೇಲೆ ಬಂದಿದೆ, ಶೆಡ್ಡಿನ ಶಟರು ಅರ್ಧ ಇಳಿದಿರುವುದರಿಂದ ಇಷ್ಟು ಸ್ಪಷ್ಟ, ಧೂಳು ಅದರೊಳಗೆ ಅವಸರವಿಲ್ಲದೆ ತಿರುಗುತ್ತಿದೆ — ನೋಡಬೇಕು ಅನ್ನಿಸಿ ನಾನು ಏನನ್ನಾದರೂ ನೋಡಿ ಎಷ್ಟು ಕಾಲವಾಯಿತು. ತೂತು ಕೊರೆದವನು ಅವನು, ನನ್ನ ಗಂಡ, ಹೊಸ ಸೀಟು ಬರುವ ಮೊದಲೇ ಅಳತೆ ಹಿಡಿದು ಕೊರೆದಿಟ್ಟಿದ್ದ, ಅಂಚಿಗೆ ಇನ್ನೂ ತುಕ್ಕು ಹತ್ತಿಲ್ಲ, ಬೆಳ್ಳಗೆ ಹೊಳೆಯುತ್ತದೆ, ಆಮೇಲೆ ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ಶೂ ಲೇಸು ಕಟ್ಟಿಕೊಳ್ಳಲು ಕೂತ, ಏಳಲಿಲ್ಲ, ಒಂದು ಕಾಲಿನ ಲೇಸು ಕಟ್ಟಿಯಾಗಿತ್ತು ಅಂದರು, ಯಾವ ಕಾಲು ಅಂತ ಕೇಳಿದೆ, ಎಲ್ಲರೂ ನನ್ನ ಮುಖ ನೋಡಿದರು. ಸೀಟುಗಳು ಬಂದದ್ದು ಅದಾದ ಮೇಲೆ, ಎರಡು ದೊಡ್ಡ ಪೆಟ್ಟಿಗೆ, ನಡುಮನೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂತವು, ಮಾತಾಡಿಸಲು ಬಂದವರು ಅದರ ಮೇಲೆ ಟೀ ಲೋಟ ಇಟ್ಟರು, ದೊಡ್ಡಮ್ಮ ಹೊಸ ಫ್ರಿಜ್ಜೇನಮ್ಮ ಅಂದರು, ಹೂಂ ಅಂದೆ, ಅದೇ ಸುಲಭವಾಗಿತ್ತು.

ಹಳೆಯ ಸೀಟುಗಳನ್ನು ಬೆಳಿಗ್ಗೆಯೇ ಬಿಚ್ಚಿ ಹೊರಗಿಟ್ಟರು, ಡ್ರೈವರ್ ಸೀಟಿನಲ್ಲಿ ಅವನು ಕೂತು ಕೂತು ಆದ ಗುಳಿ ಇದೆ, ಎಡಕ್ಕೆ ಸ್ವಲ್ಪ ವಾಲಿದ ಗುಳಿ, ಅದರೊಳಗೆ ಈಗ ಸ್ಪ್ಯಾನರ್ ಡಬ್ಬಿ ಕೂತಿದೆ, ಎತ್ತಿಡಿ ಅನ್ನಬೇಕು ಅಂದುಕೊಂಡೆ, ಅನ್ನಲಿಲ್ಲ. ಇವು ಸೀಟಲ್ಲ ಕಣೇ, ಬೀಗರ ಮನೆ ಸೋಫಾ, ಕೂತ್ರೆ ಏಳೋಕೆ ಬಿಡಲ್ಲ, ತಿರುವು ಬಂದ್ರೆ ಹಿಡ್ಕೊಳ್ಳೋದೂ ಇಲ್ಲ, ಅನ್ನುತ್ತಿದ್ದ — ತಿರುವಿನಲ್ಲಿ ಸ್ಟಿಯರಿಂಗಿಗೆ ಜೋತುಬಿದ್ದವನು ಕಾರು ಓಡಿಸುತ್ತಿಲ್ಲ, ಬೀಳದಿರಲು ನೋಡುತ್ತಿದ್ದಾನೆ ಎಂಬುದು ಅವನ ಸಿದ್ಧಾಂತ, ಅದಕ್ಕೇ ಎರಡೂ ಪಕ್ಕ ದಿಂಬು ಉಬ್ಬಿದ ಈ ರೇಸಿನ ಸೀಟು, ಅದು ಮೈ ಹಿಡಿದರೆ ಕೈಗೆ ಬಿಡುವು. ಮುಂದೆ ಹಿಂದೆ ಜಾರಿಸುವ ಹಳಿ ಇದಕ್ಕಿಲ್ಲ, ಹಳಿ ಹಾಕಿದರೆ ಸೀಟು ಎತ್ತರವಾಗಿ ತಲೆ ಛಾವಣಿಗೆ ತಗಲುತ್ತದೆ, ಅಷ್ಟು ಗಿಡ್ಡ ಕಾರು, ಹಾಗಾಗಿ ಎಲ್ಲಿ ತೂತೋ ಅಲ್ಲೇ ಸೀಟು, ಖಾಯಂ. ಪಕ್ಕದ ಸೀಟು ಮೊದಲು ಕೂತಿತು, ಪೂರ್ತಿ ಹಿಂದಕ್ಕೆ, ಮುಂದೆ ಇಷ್ಟಗಲ ಜಾಗ — ಇಲ್ಲಿ ಚಾಪೆ ಹಾಸಿ ಮಲಗ್ಬೋದು ಯಜಮಾನ್ರೇ, ಅಂದರು ಮೆಕ್ಯಾನಿಕ್, ಮಾವನಿಗೆ. ಆಮೇಲೆ ಡ್ರೈವರ್ ಸೀಟನ್ನು ಬೋಲ್ಟು ಹಾಕದೆ ತೂತುಗಳ ಮೇಲೆ ಇಟ್ಟು ನೋಡಿದರು, ಮಾವ ಹತ್ತಿ ಕೂತರು, ಮಗನ ಕಾರನ್ನು ಒಂದು ಸಲ ತಾನೇ ಓಡಿಸಬೇಕೆಂದು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದಾರೆ, ಮಾವನೂ ಮಗನಷ್ಟೇ ಉದ್ದ, ಮೊಣಕಾಲುಗಳು ಸ್ಟಿಯರಿಂಗಿನ ಎರಡೂ ಬದಿಗೆ ಮಿಡತೆಯ ಕಾಲಿನಂತೆ ಎದ್ದವು, ಇಳಿಯಲು ಮೆಕ್ಯಾನಿಕ್ ಕೈ ಕೊಡಬೇಕಾಯಿತು. ಅದಲು ಬದಲು ಮಾಡ್ಬಿಟ್ಟಿದ್ದಾನೆ ಕಣಮ್ಮ, ಅಂದರು ಮಾವ, ನನ್ನ ಕಡೆ ನೋಡದೆ, ಈ ಕಡೆ ಅಳತೆ ಆ ಕಡೆ, ಆ ಕಡೇದು ಈ ಕಡೆ, ಚಿಕ್ಕೋನಿದ್ದಾಗ ಚಪ್ಪಲೀನೂ ಹಿಂಗೇ ಹಾಕ್ಕೊಂಡು ಹೋಗೋನು. ಮೆಕ್ಯಾನಿಕ್ ನಕ್ಕರು, ಮಾವನೂ ನಕ್ಕರು, ನಗು ಮುಗಿದ ಮೇಲೂ ಮಾವನ ಬಾಯಿ ಹಾಗೇ ತೆರೆದಿತ್ತು. ಹಿಂದಕ್ಕೆ ಬೇರೆ ತೂತು ಕೊರೆದು ಇವನ್ನು ಬೆಸುಗೆ ಹಾಕಿ ಮುಚ್ಚಿಬಿಡುವುದು ಅಂತ ತೀರ್ಮಾನವಾಯಿತು, ಸೀಟು ಮತ್ತೆ ಹೊರಗೆ ಬಂತು, ಕೊರೆಯುವ ಜಾಗದಲ್ಲಿ ಪೈಪುಗೈಪು ಇದೆಯೇ ನೋಡಲು ಮೆಕ್ಯಾನಿಕ್ ಕಾರಿನಡಿ ನುಸುಳಿದರು, ಲೈಟು ಹಚ್ಚಿದರು, ಬೆಳಕು ಎದ್ದಿತು.

ಅದಲು ಬದಲು, ಇರಬಹುದು, ಅಳತೆ ತಪ್ಪದವನೇನಲ್ಲ ಅವನು, ಅಡುಗೆಮನೆಯಲ್ಲಿ ಅವನು ಹೊಡೆದ ಶೆಲ್ಫು ಇವತ್ತಿಗೂ ಓರೆ, ಲಿಂಬೆಹಣ್ಣು ಇಟ್ಟರೆ ತಾನಾಗಿ ಉರುಳಿ ಬರುತ್ತದೆ, ಆದರೆ ತೂತಿನ ಅಂಚನ್ನು ಅರ ಹಾಕಿ ಉಜ್ಜಿದ್ದಾನೆ, ಬೆರಳು ಇಟ್ಟು ನೋಡಿದೆ, ನುಣ್ಣಗೆ, ಕಿವಿಯ ಓಲೆ ತೂತಿನಷ್ಟು ನುಣ್ಣಗೆ, ಮರೆವಿನಲ್ಲಿ ಮಾಡಿದ ಕೆಲಸ ಹೀಗಿರುವುದಿಲ್ಲ — ಮೈದಾನ, ಹೌದು, ಅವನಿದ್ದಾಗ ಒಮ್ಮೆ ಹೋಗಿದ್ದ ಆ ಖಾಲಿ ಮೈದಾನ, ನಾನು ಓಡಿಸುತ್ತಿದ್ದೇನೆ, ಬೆನ್ನಿಗೆ ಮನೆಯ ದಿಂಬು, ಆದರೂ ಕ್ಲಚ್ಚಿಗೆ ಕಾಲು ಪೂರ್ತಿ ಎಟುಕದೆ ಗೇರು ಕರಕರ ಅನ್ನುತ್ತದೆ, ಅವನು ಪಕ್ಕದಲ್ಲಿ ಮುದುಡಿ ಕೂತಿದ್ದಾನೆ, ಗದ್ದಕ್ಕೆ ಮೊಣಕಾಲು, ಈಗ ಬೈಯುತ್ತಾನೆ ಅಂತ ತಿರುಗಿದರೆ ಕಣ್ಣು ಮುಚ್ಚಿಕೊಂಡಿದ್ದಾನೆ, ಭಯಾನಾ ಅಂದೆ, ಶ್, ಸದ್ದು ಕೇಳು ಅಂದ, ಸೈಲೆನ್ಸರ್ ಈ ಕಡೆಗಿದೆ, ಇಷ್ಟು ವರ್ಷ ಆ ಕಡೆ ಕೂತು ನಂಗೆ ಇಂಜಿನ್ನಿನ ಬೈಗುಳ ಮಾತ್ರ ಕೇಳ್ತಿತ್ತು ಕಣೇ, ಹಾಡು ಈ ಕಡೆ ಇದೆ, ಇನ್ನೊಂದು ಸುತ್ತು ಹಾಕು. ಹಾಕಿದೆ, ಮತ್ತೊಂದು ಹಾಕಿದೆ, ನಮ್ಮದೇ ಧೂಳಿನೊಳಗೆ ನಾವೇ ನುಗ್ಗಿ ಹೊರಬಂದೆವು, ಮನೆಗೆ ಬಂದ ಮೇಲೆ ಅವನು ಅದರ ಸುದ್ದಿ ಎತ್ತಲಿಲ್ಲ. ಆಮೇಲೊಂದು ರಜೆಯ ದಿನ ನಾನು ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೇನೆ, ಟೇಪು ಹಿಡಿದು ಬಂದ, ಅಲ್ಲಾಡ್ಬೇಡ ಅಂದ, ಅಂಗಾಲಿಗೆ ಒಂದು ದಪ್ಪ ಪುಸ್ತಕ ನಿಲ್ಲಿಸಿದ, ಮೊಣಕಾಲನ್ನು ತುಸು ಎತ್ತಿಸಿದ, ಸೊಂಟದಿಂದ ಹಿಮ್ಮಡಿಗೆ ಟೇಪು ಎಳೆದ, ಹಿಮ್ಮಡಿ ಎಷ್ಟು ತಣ್ಣಗಿದೆಯೇ ಅಂದ, ಏನಿದು, ನಂಗೆ ಹೆಣದ ಪೆಟ್ಟಿಗೆ ಮಾಡಿಸ್ತಿದ್ದೀಯಾ ಅಂದೆ, ಹೂಂ, ಚಕ್ರ ಇರೋದು ಅಂದ, ನಾನು ತಲೆಯೆತ್ತದೆ ಮುಂದಿನ ಪೇಪರಿಗೆ ಅಂಕ ಹಾಕಿದೆ — ಚಕ್ರ ಇರೋದು. ಚಕ್ರ ಇರೋದು ಅಂದಿದ್ದ.

ಡ್ರಿಲ್ಲು ಮಾವನ ಕೈಯಲ್ಲಿದೆ, ವೈರು ಪ್ಲಗ್ಗಿಗೆ ಹೋಗಿದೆ, ಹೊಸ ತೂತಿಗೆ ಅವರು ಹಾಕಿದ ಸೀಮೆಸುಣ್ಣದ ಗುರುತು ನನ್ನ ಕಣ್ಣೆದುರಿಗಿದೆ, ಬೆಸುಗೆ ಹಾಕಿ ಮುಚ್ಚಿದರೆ ಇನ್ನು ಯಾರಿಗೂ ಏನೂ ಕಾಣುವುದಿಲ್ಲ, ನನ್ನ ಕಾಲಿನ ಉದ್ದವನ್ನು ಅವನು ಈ ಕಬ್ಬಿಣದಲ್ಲಿ ಬರೆದಿಟ್ಟದ್ದು, ತನಗೆ ಪಕ್ಕದಲ್ಲಿ ಜಾಗ ಮಾಡಿಕೊಂಡದ್ದು, ಹಾಡು ಕೇಳುವ ಕಡೆ — ಹೇಳಬೇಕು, ಎಲ್ಲಿಂದ ಶುರು ಮಾಡುವುದು, ನನ್ನಲ್ಲಿ ಉಳಿದಿರುವ ಮಾತೇ ಹೂಂ, ಬೇಡ, ಆಯಿತು, ಡ್ರಿಲ್ಲು ಒಮ್ಮೆ ಗುರ್ ಅಂದಿತು, ನಾನು ಸೀಟನ್ನು ಎತ್ತಿಕೊಂಡೆ, ಅಂದುಕೊಂಡದ್ದಕ್ಕಿಂತ ಹಗುರ, ಮಾವನ ಪಕ್ಕದಿಂದ ನುಗ್ಗಿಸಿ ಅದನ್ನು ತೂತುಗಳ ಮೇಲೆ ಇಟ್ಟೆ, ಹತ್ತಿ ಕೂತೆ. ಕೂತದ್ದಲ್ಲ, ಒಳಗೆ ಹೋದೆ, ದಿಂಬುಗಳು ಪಕ್ಕೆಲುಬನ್ನು ಎರಡೂ ಕಡೆಯಿಂದ ಹಿಡಿದವು, ಬಿಗಿಯಾಗಿ ಅಲ್ಲ, ಇದ್ದೀಯಲ್ಲ ಅಂತ ಕೇಳುವ ಹಾಗೆ, ಎಡಗಾಲು ಚಾಚಿದೆ, ಕ್ಲಚ್ಚು ನೆಲ ಮುಟ್ಟಿತು, ಮೊಣಕಾಲಿನಲ್ಲಿ ಒಂದಿಷ್ಟು ಮಡಿಕೆ ಉಳಿದಿತ್ತು, ಅವನು ಎತ್ತಿಸಿದ್ದಷ್ಟೇ ಮಡಿಕೆ, ಕೈಗಳು ತಾವಾಗಿ ಸ್ಟಿಯರಿಂಗಿನ ಮೇಲೆ ಬಿದ್ದವು, ಹಿಡಿಯಬೇಕಾಗಿಯೇ ಇಲ್ಲ, ಇದು ಹೇಗೆ ಸಾಧ್ಯ, ಒಬ್ಬ ಮನುಷ್ಯ ಒಂದು ಟೇಪು ಹಿಡಿದು ಇಷ್ಟು ಸರಿಯಾಗಿ ಇನ್ನೊಬ್ಬರನ್ನು ತಿಳಿಯುವುದು, ತಿಳಿದು ಸುಮ್ಮನಿರುವುದು. ಇದು ನನ್ನ ಅಳತೆ ಮಾವ, ಅಂದೆ.

ಡ್ರಿಲ್ಲು ನಿಂತಿತು. ಮಾವ ನನ್ನ ಕಾಲು ನೋಡಿದರು, ಕ್ಲಚ್ಚು ನೋಡಿದರು, ಡ್ರಿಲ್ಲನ್ನು ಹಳೆಯ ಸೀಟಿನ ಮೇಲೆ ಇಡಲು ಹೋಗಿ ಇಡದೆ ನೆಲದ ಮೇಲಿಟ್ಟರು, ಸ್ಪ್ಯಾನರ್ ಡಬ್ಬಿಯನ್ನೂ ಗುಳಿಯಿಂದ ಎತ್ತಿ ಕೆಳಗಿಟ್ಟರು, ಸುತ್ತು ಬಂದು ಆ ಬಾಗಿಲು ತೆಗೆದು ಪಕ್ಕದ ಸೀಟಿಗೆ ಇಳಿದರು, ಉದ್ದದ ಕಾಲುಗಳು ಪೂರ್ತಿ ಚಾಚಿಕೊಂಡವು, ಅವರು ಅವನ್ನೇ ನೋಡುತ್ತಾ ಕೂತರು, ಬೇರೆ ಯಾರದೋ ಕಾಲಿನ ಹಾಗೆ. ತಪ್ಪಿಲ್ಲ ಕಣಮ್ಮ, ಅಂದರು, ನನ್ಮಗ ಸರಿಯಾಗೇ ಕೊರ್ದಿದ್ದಾನೆ. ಕೆಳಗಿನಿಂದ ಮೆಕ್ಯಾನಿಕ್, ಏನಾಯ್ತು ಯಜಮಾನ್ರೇ, ಕೊರೀತೀರೋ ಇಲ್ವೋ, ನನ್ ಬೆನ್ನು ಐಸಾಯ್ತು, ಅಂದರು, ಮಾವ, ಇಲ್ಲ, ನೀನು ನಟ್ಟು ಹಿಡಿ, ಅಂದರು, ತಮ್ಮ ಬದಿಯ ಎರಡು ಬೋಲ್ಟು ತಾವೇ ಬಗ್ಗಿ ಇಳಿಸಿದರು, ಬೆಳಕಿನ ಕಡ್ಡಿ ಒಂದು ಆರಿತು, ಇನ್ನೊಂದು ಆರಿತು, ಬಾಗಿಲ ಬದಿಯ ಎರಡು ನನಗೆ ಬಿಟ್ಟರು, ಮುಂದಿನದಕ್ಕೆ ನಾನು ಬೋಲ್ಟು ಇಳಿಸಿದೆ, ಕೆಳಗೆ ಸ್ಪ್ಯಾನರ್ ತಿರುಗಿತು, ಸೀಟು ನನ್ನನ್ನು ಒಳಗಿಟ್ಟುಕೊಂಡೇ ನೆಲ ಕಚ್ಚಿತು. ಇನ್ನೊಂದಿದೆ. ಕೊನೇ ಬೋಲ್ಟು ತೂತಿಗೆ ಬಿಡಿ ಅಕ್ಕ, ಅಂದರು ಮೆಕ್ಯಾನಿಕ್, ಆಮೇಲೆ ಒಂದು ಸಲ ಸ್ಟಾರ್ಟ್ ಮಾಡಮ್ಮ, ಅಂದರು ಮಾವ, ಕಣ್ಣು ಆಗಲೇ ಮುಚ್ಚಿಕೊಂಡಿದ್ದಾರೆ, ಕೇಳಲು, ಬೋಲ್ಟು ನನ್ನ ಬೆರಳಲ್ಲಿದೆ, ಬೆಚ್ಚಗಾಗಿದೆ, ಬಿಡಬೇಕು, ಬಿಡುತ್ತೇನೆ, ತೊಡೆಯ ಪಕ್ಕದಲ್ಲಿ ಬೆಳಕು ನಿಂತಿದೆ, ಅಡ್ಡ ಹಿಡಿದ ಅಂಗೈ ಮೇಲೆ ಬಂದು ಕೂತಿದೆ, ದುಂಡಗೆ, ಅವನು ಕೊರೆದಷ್ಟೇ ದುಂಡಗೆ, ಅಂಗೈ ಮೇಲೆ ಬೆಳಕು, ಅಂಗೈ ಮೇಲೆ